ತಪ್ಪು ಅವನದು, ಎಚ್ಚರ ನಮ್ಮದು

ದಾರಿಯ ನಡುವೆ ಎರಡು ಗಾಡಿಗಳು ಡಿಕ್ಕಿ ಹೊಡೆದುಕೊಂಡವೆನ್ನಿ. ಒಡೆದ ಗಾಜಿನ ಸದ್ದು ಅಡಗುವ ಮೊದಲೇ ಎಲ್ಲಿದ್ದರೋ ಏನೋ, ಇಪ್ಪತ್ತು ಮೂವತ್ತು ಜನ ಸುತ್ತ ಕೂಡುತ್ತಾರೆ. ಆಂಬುಲೆನ್ಸಿಗೆ ಫೋನು ಮಾಡುವವನು ಒಬ್ಬನಾದರೆ, ಮಿಕ್ಕವರೆಲ್ಲ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತವರೇ. ‘ತಪ್ಪು ಯಾರದು?’ ಎಂಬುದೇ ಅಲ್ಲಿಯ ಮೊದಲ ಪ್ರಶ್ನೆ. ಕೊನೆಯ ಪ್ರಶ್ನೆಯೂ ಅದೇ.

ಆ ಪ್ರಶ್ನೆ ಬೇಡವೆಂದಲ್ಲ. ಪೋಲೀಸರಿಗೆ ಬೇಕು, ನ್ಯಾಯಾಲಯಕ್ಕೆ ಬೇಕು, ವಿಮಾ ಕಂಪನಿಗಂತೂ ಬೇಕೇ ಬೇಕು. ಆದರೆ ಅದಕ್ಕೆ ಉತ್ತರ ಸಿಕ್ಕುವುದು ಎಲ್ಲ ಮುಗಿದ ಮೇಲೆ. ಕಾರಿನೊಳಗೋ ಸ್ಕೂಟರಿನ ಮೇಲೋ ಇದ್ದವನಿಗೆ ಅದಕ್ಕಿಂತ ಮುಂಚಿನ ಪ್ರಶ್ನೆಯೊಂದುಂಟು. ಡಿಕ್ಕಿಗೆ ಹಿಂದಿನ ನಾಲ್ಕೈದು ಸೆಕೆಂಡುಗಳಲ್ಲಿ ರಸ್ತೆಯ ಮೇಲೆ ಕಾಣುವಂಥದು ಏನಿತ್ತು? ಅದು ಯಾರ ಕಣ್ಣಿಗಾದರೂ ಬಿತ್ತೆ? ಆ ನಾಲ್ಕೈದು ಸೆಕೆಂಡುಗಳ ವಿಚಾರವಾಗಿ ಇಲ್ಲಿ ಕೆಲವು ಮಾತು.

2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ದಿನವೊಂದಕ್ಕೆ ಸುಮಾರು 460 ಜನ. ತನ್ನ ಪಾಡಿಗೆ ತಾನು ಎಡಬದಿಯಲ್ಲಿ ಹೋಗುತ್ತಿದ್ದವರು, ರಸ್ತೆ ದಾಟಲೆಂದು ನಿಂತಿದ್ದವರು, ದೀಪ ಕೆಂಪಾಯಿತೆಂದು ಮರ್ಯಾದೆಯಿಂದ ಗಾಡಿ ನಿಲ್ಲಿಸಿದವರು, ಇಂಥವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಇವರು ಏಕೆ ಎಚ್ಚರವಾಗಿರಲಿಲ್ಲ ಎಂದು ಕೇಳುವುದು ನನ್ನ ಉದ್ದೇಶವಲ್ಲ. ಅದು ಸತ್ತವರಿಗೆ ಮಾಡುವ ಅಪಚಾರ. ಎಷ್ಟೋ ಸಲ ಯಾವ ಎಚ್ಚರವೂ ಕಾಯುವುದಿಲ್ಲ. ಆದರೆ ಕಾಯಬಹುದಾದ ಸಂದರ್ಭಗಳೂ ಬಹಳ ಇವೆ. ‘ನಾನು ಸರಿಯಾಗಿ ಓಡಿಸುತ್ತೇನೆ, ನನಗೇನು ಭಯ?’ ಎನ್ನುವವರು ಮರೆಯುವ ಮಾತು ಒಂದೇ: ಎದುರಿಗೆ ಬರುವ ಲಾರಿಗೆ ನಾವು ಸರಿಯಾಗಿ ಓಡಿಸುತ್ತಿದ್ದೇವೆಂಬುದು ಗೊತ್ತಿಲ್ಲ.

ಮೊದಲು ಲೆಕ್ಕ ನೋಡೋಣ. ಗಂಟೆಗೆ 60 ಕಿಲೋಮೀಟರು ಎಂದರೆ ಈ ಕಾಲದಲ್ಲಿ ಯಾರೂ ವೇಗವೆನ್ನುವುದಿಲ್ಲ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16ರಿಂದ 17 ಮೀಟರು ಹೋಗುತ್ತದೆ. ಮುಂದೆ ಏನೋ ಅಡ್ಡ ಬಂದುದನ್ನು ಕಣ್ಣು ಕಂಡು, ಅದೇನೆಂದು ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳಲು ಸಾಮಾನ್ಯವಾಗಿ ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ 25 ಮೀಟರು ಮುಂದೆ ಹೋಗಿರುತ್ತದೆ, ಎಂದರೆ ಎರಡು ಕಬಡ್ಡಿ ಅಂಕಣದಷ್ಟು. ಬ್ರೇಕು ಇನ್ನೂ ಹಿಡಿದೇ ಇಲ್ಲ! ಹಿಡಿದ ಮೇಲೆ, ಒಣಗಿದ ಒಳ್ಳೆಯ ಟಾರು ರಸ್ತೆಯಲ್ಲಿ, ಇನ್ನೂ 20 ಮೀಟರು ಬೇಕು. ಒಟ್ಟು 45. ವೇಗ 100 ಆದರೆ ಇದೇ ಲೆಕ್ಕ 97 ಮೀಟರಿಗೆ ಬಂದು ನಿಲ್ಲುತ್ತದೆ. ವೇಗ ಇಮ್ಮಡಿಯಾಗಲಿಲ್ಲ, ನಿಲ್ಲುವ ದೂರ ಇಮ್ಮಡಿಗಿಂತ ಹೆಚ್ಚಾಯಿತು. ಕಾರಣ, ಬ್ರೇಕು ಹಿಡಿದ ಮೇಲಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಆ ದೂರ ನಾಲ್ಕರಷ್ಟು. ಮಳೆಯಾಗಿದ್ದರಂತೂ ಈ ಅಂಕಿಗಳನ್ನು ನಂಬಿ ಕೂರುವಂತಿಲ್ಲ.

ಇದು ನಮ್ಮೊಬ್ಬರ ಲೆಕ್ಕವಾಯಿತು. ತಪ್ಪು ಮಾಡುವ ಎದುರಿನವನಿಗೂ ಒಂದು ವೇಗವಿದೆಯಲ್ಲ! ನಾವು 80ರಲ್ಲಿ, ಅವನು 80ರಲ್ಲಿ, ಮುಂದಿನ ಬಸ್ಸನ್ನು ಹಿಂದೆ ಹಾಕುವ ಆತುರದಲ್ಲಿ ಅವನು ನಮ್ಮ ಬದಿಗೆ ಬಂದಿದ್ದಾನೆ. ನಡುವೆ 200 ಮೀಟರಿದೆ. ನೋಡಿದರೆ ಬೇಕಾದಷ್ಟು ದೂರವೆನ್ನಿಸುತ್ತದೆ. ಅದು ಕರಗಲು ನಾಲ್ಕೂವರೆ ಸೆಕೆಂಡು ಸಾಕು. ‘ಅವನು ಸರಿದುಕೊಳ್ಳಲಿ, ಇದು ನನ್ನ ದಾರಿ’ ಎಂಬ ಹಟಕ್ಕೆ ಅದರಲ್ಲಿ ಎರಡು ಸೆಕೆಂಡು ಕೊಟ್ಟುಬಿಟ್ಟರೆ ಉಳಿಯುವುದೇನು? ಇಂಥ ಗಳಿಗೆಯಲ್ಲಿ ವೇಗ ತಗ್ಗಿಸಿ ಎಡಕ್ಕೆ, ಬೇಕಾದರೆ ಮಣ್ಣಿನ ಅಂಚಿಗೂ, ಇಳಿಯಬೇಕೇ ಹೊರತು ಬಲಕ್ಕೆ ತಿರುಗಿಸಬಾರದು. ಏಕೆಂದರೆ ಕೊನೆಯ ಕ್ಷಣದಲ್ಲಿ ಎದುರಿನವನಿಗೆ ಬುದ್ಧಿ ಬಂದರೆ ಅವನು ಓಡುವುದು ತನ್ನ ಎಡಕ್ಕೆ, ಎಂದರೆ ನಮ್ಮ ಬಲಕ್ಕೆ. ಮಣ್ಣಿಗಿಳಿದ ಮೇಲೆ ತಟ್ಟನೆ ಟಾರಿನ ಮೇಲಕ್ಕೆ ಎಳೆಯಲೂ ಬಾರದು. ಗಾಡಿ ಪಲ್ಟಿಯಾಗುವುದು ಹೆಚ್ಚಾಗಿ ಆಗಲೇ.

ಮುಂದಿನ ಗಾಡಿಗೂ ನಮಗೂ ನಡುವೆ ಇರಬೇಕಾದ ದೂರವನ್ನು ಮೀಟರಿನಲ್ಲಿ ಅಳೆಯುವುದು ಕಷ್ಟ. ಅದಕ್ಕೆ ಸುಲಭವಾದ ಉಪಾಯವಿದೆ. ಮುಂದಿನ ಗಾಡಿ ಒಂದು ಮೈಲಿಗಲ್ಲನ್ನೋ ಹುಣಿಸೆ ಮರವನ್ನೋ ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಸಾವಕಾಶವಾಗಿ ಹೇಳಿಕೊಳ್ಳಿ. ಹೇಳಿ ಮುಗಿಯುವ ಮೊದಲೇ ನೀವು ಅಲ್ಲಿಗೆ ಬಂದಿದ್ದರೆ ತೀರ ಹತ್ತಿರವಿದ್ದೀರಿ. ಮಳೆಯಲ್ಲಿ ಇದು ನಾಲ್ಕು ಸೆಕೆಂಡಾಗಲಿ. ‘ನಮ್ಮ ರಸ್ತೆಗಳಲ್ಲಿ ಅಷ್ಟು ಜಾಗ ಬಿಟ್ಟರೆ ಇನ್ನೊಬ್ಬ ನುಗ್ಗುತ್ತಾನೆ ಸ್ವಾಮಿ’ ಎಂಬ ಆಕ್ಷೇಪಣೆ ನನಗೂ ಗೊತ್ತು. ನುಗ್ಗಲಿ. ನಾವು ಮತ್ತೆ ಎರಡು ಸೆಕೆಂಡು ಹಿಂದೆ ಸರಿದರಾಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಹೀಗೆ ಮೂವತ್ತು ಜನ ನುಗ್ಗಿದರೂ ನಮಗಾಗುವ ನಷ್ಟ ಒಂದು ನಿಮಿಷ. ಒಂದು ಲೋಟ ಕಾಫಿ ಆರುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಸಿಗ್ನಲ್ಲಿನಲ್ಲಿ ನಿಂತಾಗಲೂ ಹೀಗೆಯೇ. ಮುಂದಿನ ಗಾಡಿಯ ಹಿಂದಿನ ಚಕ್ರಗಳು ನೆಲ ಮುಟ್ಟುವ ಜಾಗ ಕಾಣುವಷ್ಟು ಹಿಂದೆ ನಿಲ್ಲಬೇಕು. ಹಿಂದಿನಿಂದ ಬರುವವನು ನಿಲ್ಲುವ ಲಕ್ಷಣ ಕಾಣದಿದ್ದರೆ ಪಕ್ಕಕ್ಕೆ ಸರಿಯಲು ಆಗ ಎಡೆಯಿರುತ್ತದೆ. ನಡುರಸ್ತೆಯಲ್ಲಿ ಬಲಕ್ಕೆ ತಿರುಗಲು ಕಾಯುವಾಗ ಚಕ್ರಗಳನ್ನು ಮೊದಲೇ ಬಲಕ್ಕೆ ತಿರುಗಿಸಿಟ್ಟುಕೊಳ್ಳುವ ಅಭ್ಯಾಸ ಅನೇಕರಿಗಿದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಅಂಥ ಗಾಡಿ ನೇರವಾಗಿ ಎದುರು ಬರುವ ಗಾಡಿಗಳ ಬಾಯಿಗೆ ಹೋಗಿ ಬೀಳುತ್ತದೆ.

ಇಷ್ಟೆಲ್ಲ ಕಣ್ಣು ಕಂಡ ಮೇಲಿನ ಮಾತು. ಆದರೆ ಕಣ್ಣು ಕಾಣುತ್ತದೆಯೆ? 1999ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟಫರ್ ಶಾಬ್ರಿಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ತಮಾಷೆಯ ಪ್ರಯೋಗವನ್ನು ಪ್ರಕಟಿಸಿದರು. ಬಿಳಿ ಅಂಗಿಯವರು, ಕಪ್ಪು ಅಂಗಿಯವರು ಚೆಂಡು ದಾಟಿಸುವ ಒಂದು ಸಣ್ಣ ಚಿತ್ರವನ್ನು ಜನರಿಗೆ ತೋರಿಸಿ, ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ದಾಟಿಸಿದರೆಂದು ಎಣಿಸಲು ಹೇಳಿದರು. ಆಟದ ನಡುವೆ ಗೊರಿಲ್ಲದ ವೇಷ ಹಾಕಿದ ಒಬ್ಬರು ಬಂದು ಆಟಗಾರರ ಮಧ್ಯದಲ್ಲಿಯೇ ನಡೆದುಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧ ಜನಕ್ಕೆ ಆ ಗೊರಿಲ್ಲ ಕಾಣಲೇ ಇಲ್ಲ. ಕಣ್ಣು ಅದರ ಕಡೆಗೇ ಇತ್ತು, ಮನಸ್ಸು ಎಣಿಕೆಯಲ್ಲಿತ್ತು.

ಅಡ್ಡರಸ್ತೆಯಿಂದ ಹೆದ್ದಾರಿಗೆ ಬರುವ ಕಾರಿನವನು ಎರಡು ಕಡೆಗೂ ತಲೆ ತಿರುಗಿಸಿ, ಬರುತ್ತಿದ್ದ ಮೋಟಾರ್ ಸೈಕಲ್ಲಿಗೆ ನೇರವಾಗಿ ಅಡ್ಡ ಬಂದು, ಆಮೇಲೆ ‘ದೇವರಾಣೆಗೂ ನೋಡಲಿಲ್ಲ’ ಎನ್ನುವುದು ಹೀಗೆಯೇ. ಅವನು ಸುಳ್ಳು ಹೇಳುತ್ತಿರಲಾರ. ಅವನು ಹುಡುಕುತ್ತಿದ್ದುದು ಬಸ್ಸು, ಲಾರಿ, ಕಾರು. ಮೋಟಾರ್ ಸೈಕಲ್ಲು ಅವನ ಎಣಿಕೆಯಲ್ಲಿ ಇರಲಿಲ್ಲ. ಇನ್ನೊಂದು ಕಾರಣವೂ ಉಂಟು. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವಾಗ ಹರಿಯುವ ನೀರಿನಂತೆ ಹೋಗುವುದಿಲ್ಲ. ಮಿಡತೆಯಂತೆ ಹಾರಿ ಹಾರಿ ಕೂರುತ್ತದೆ. ಹಾರುವ ಹೊತ್ತಿನಲ್ಲಿ ಕಂಡುದನ್ನು ಮಿದುಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆತುರದಲ್ಲಿ ಎರಡೇ ನೆಗೆತಕ್ಕೆ ರಸ್ತೆಯುದ್ದವನ್ನೂ ನೋಡಿ ಮುಗಿಸಿದವನಿಗೆ ಸಣ್ಣ ಗಾಡಿ ಆ ನೆಗೆತದ ನಡುವೆ ಸಿಕ್ಕಿಹೋಗುತ್ತದೆ. ಸಾಲದುದಕ್ಕೆ ಮುಂದಿನ ಗಾಜಿನ ಎರಡು ಅಂಚಿಗೂ ನಿಂತಿರುವ ಕಂಬಿಗಳು ಬೇರೆ. ಈಗಿನ ಕಾರುಗಳಲ್ಲಿ ಇವು ಎಷ್ಟು ದಪ್ಪವೆಂದರೆ ಒಂದು ಸ್ಕೂಟರು, ಅದರ ಮೇಲಿನ ಗಂಡ, ಹೆಂಡತಿ, ಮಗು ಎಲ್ಲರೂ ಅದರ ಹಿಂದೆ ಅಡಗಬಹುದು.

ಇಲ್ಲಿ ಹಡಗಿನವರಿಂದ ಕಲಿಯಬೇಕಾದ ಪಾಠವೊಂದಿದೆ. ಸಮುದ್ರದಲ್ಲಿ ಇನ್ನೊಂದು ಹಡಗು ಕಂಡು, ಹೊತ್ತು ಕಳೆದರೂ ಅದು ಅದೇ ದಿಕ್ಕಿನಲ್ಲಿಯೇ ಇದ್ದು, ಗಾತ್ರದಲ್ಲಿ ಮಾತ್ರ ದೊಡ್ಡದಾಗುತ್ತಿದ್ದರೆ ಎರಡೂ ಡಿಕ್ಕಿಯ ದಾರಿಯಲ್ಲಿವೆ ಎಂದು ನಾವಿಕರು ತಿಳಿಯುತ್ತಾರೆ. ರಸ್ತೆಯಲ್ಲಿಯೂ ಇದೇ ನಿಯಮ. ಅಡ್ಡರಸ್ತೆಯಿಂದ ಬರುವ ಗಾಡಿ ನಮ್ಮ ಗಾಜಿನಲ್ಲಿ ಹಿಂದಕ್ಕೋ ಮುಂದಕ್ಕೋ ಸರಿಯುತ್ತಿದ್ದರೆ ಅದು ನಮಗೆ ಮೊದಲೋ ಆಮೇಲೋ ಕೂಡುರಸ್ತೆಯನ್ನು ದಾಟುತ್ತದೆ. ಇದ್ದ ಜಾಗದಲ್ಲಿಯೇ ಇದ್ದಂತೆ ತೋರಿದರೆ ಅದೇ ನಮಗೆ ಬಂದು ಬಡಿಯುವ ಗಾಡಿ. ದುರದೃಷ್ಟವೆಂದರೆ ಕಣ್ಣು ಥಟ್ಟನೆ ಹಿಡಿಯುವುದು ಚಲಿಸುವುದನ್ನು, ಅಲುಗಾಡದಿರುವುದನ್ನು ಅಲಕ್ಷಿಸುತ್ತದೆ. ಅದು ಕಂಬಿಯ ಹಿಂದೆಯೇ ನಿಂತುಬಿಟ್ಟರಂತೂ ಕೊನೆಯವರೆಗೂ ಕಾಣದು. ಆದುದರಿಂದ ಕೂಡುರಸ್ತೆಯಲ್ಲಿ ಕತ್ತನ್ನು ಮಾತ್ರವಲ್ಲ, ಸೊಂಟದಿಂದ ಮೇಲಿನ ಮೈಯನ್ನೇ ಮುಂದಕ್ಕೂ ಹಿಂದಕ್ಕೂ ಬಾಗಿಸಿ ನೋಡಬೇಕು. ಪಕ್ಕದಲ್ಲಿ ಕುಳಿತವರು ನಗಬಹುದು, ನಗಲಿ.

ದ್ವಿಚಕ್ರ ವಾಹನದವರಿಗೆ ಇನ್ನೊಂದು ಮಾತು. ಅಡ್ಡರಸ್ತೆಯಲ್ಲಿ ನಿಂತ ಕಾರಿನವನ ಮುಖ ನಿಮ್ಮ ಕಡೆ ತಿರುಗಿತೆಂದರೆ ಅವನು ನಿಮ್ಮನ್ನು ಕಂಡನೆಂದು ಅರ್ಥವಲ್ಲ. ಅವನ ಮುಖ ಬಿಟ್ಟು ಮುಂದಿನ ಚಕ್ರವನ್ನು ನೋಡಿ. ಕಾರು ಹೊರಟಿತೋ ಇಲ್ಲವೋ ಎಂಬುದನ್ನು ಮೊದಲು ಹೇಳುವುದು ಅದು.

ನಮ್ಮ ರಸ್ತೆಗಳಿಗೆ ತಮ್ಮದೇ ಒಂದು ಭಾಷೆಯೂ ಇದೆ. ಲೈಸೆನ್ಸು ಕೊಡುವ ಕಛೇರಿಯ ಗೋಡೆಯ ಮೇಲೆ ಅದರ ಅಕ್ಷರಮಾಲೆ ಇರುವುದಿಲ್ಲ. ಮುಂದಿನ ಲಾರಿಯ ಬಲಗಡೆಯ ದೀಪ ಮಿಣುಕುತ್ತಿದೆಯೆಂದುಕೊಳ್ಳಿ. ಪುಸ್ತಕದ ಪ್ರಕಾರ ಅವನು ಬಲಕ್ಕೆ ತಿರುಗುತ್ತಾನೆ. ಹೆದ್ದಾರಿಯ ಪ್ರಕಾರ ‘ಎದುರಿಗೆ ಗಾಡಿಯಿದೆ, ಈಗ ಮುಂದೆ ಬರಬೇಡ’ ಎಂದಿರಬಹುದು. ಕೆಲವರ ಪಾಲಿಗೆ ತದ್ವಿರುದ್ಧವಾಗಿ ‘ದಾರಿ ಖಾಲಿಯಿದೆ, ಹೋಗು’ ಎಂದೂ ಅರ್ಥ. ಒಂದೇ ದೀಪಕ್ಕೆ ಮೂರು ಅರ್ಥವಾದರೆ ಅದನ್ನು ನಂಬಿ ಹೋಗುವುದು ಹೇಗೆ? ನಮ್ಮ ಕಣ್ಣಿಗೇ ಎದುರಿನ ರಸ್ತೆ ಕಾಣುವ ತನಕ ಹಿಂದೆಯೇ ಇರಬೇಕು. ಮುಂದಿನ ದೀಪವನ್ನು ಮಿಂಚಿಸುವುದೂ ಅಷ್ಟೆ. ಬ್ರಿಟನ್ನಿನಲ್ಲಿ ಹಾಗೆ ಮಾಡಿದವನು ಸಾಮಾನ್ಯವಾಗಿ ‘ನೀವು ಮೊದಲು ಹೋಗಿ’ ಎಂದು ಉಪಚಾರ ಹೇಳುತ್ತಿರುತ್ತಾನೆ. ಇಲ್ಲಿ ‘ನಾನು ಬಂದೇ ಬರುತ್ತೇನೆ, ನೀನು ನಿಲ್ಲು’ ಎನ್ನುತ್ತಿರುತ್ತಾನೆ. ಅಲ್ಲಿ ಹತ್ತು ವರ್ಷ ಕಾರು ನಡೆಸಿ ಊರಿಗೆ ಬಂದವರು ಇದನ್ನು ಮೊದಲ ದಿನವೇ ಕಲಿತುಕೊಳ್ಳುವುದು ಮೇಲು.

ಕೆಟ್ಟುನಿಂತ ಲಾರಿಯವನು ಹಿಂದೆ ನಾಲ್ಕು ಕಲ್ಲು ಇಟ್ಟು, ಒಂದು ಸೊಪ್ಪಿನ ಕೊಂಬೆ ಮುರಿದು ಹಾಕಿರುತ್ತಾನೆ. ಅದು ಅವನ ಕೆಂಪು ಬಾವುಟ. ಹಗಲಿನಲ್ಲಿ ಕೊಂಬೆ ಕಂಡರೆ ಮುಂದೆ ತಿರುವಿನಾಚೆ ಲಾರಿಯಿದೆಯೆಂದು ತಿಳಿಯಬಹುದು. ರಿಪೇರಿಯಾದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಅಲ್ಲಿಯೇ ಉಳಿಯುತ್ತದೆ! ರಾತ್ರಿ ಬರುವ ಸ್ಕೂಟರಿನವನಿಗೆ ಅದು ಕಾದಿರುತ್ತದೆ. ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿ ತೆನೆಗಳನ್ನು ಟಾರು ರಸ್ತೆಯ ಮೇಲೆ ಹರಡಿ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದುಂಟು. ಕಣ ಮಾಡುವ ಶ್ರಮ ತಪ್ಪಿತೆಂದು ರೈತನಿಗೆ ಸಮಾಧಾನ, ಆ ಹುಲ್ಲಿನ ಮೇಲೆ ಬ್ರೇಕು ಹಿಡಿದ ಮೋಟಾರ್ ಸೈಕಲ್ಲು ಜಾರುವುದು ಮಾತ್ರ ಖಂಡಿತ. ಮಂಡ್ಯ, ಬೆಳಗಾವಿಗಳ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು ಕಟ್ಟಿರುತ್ತಾರೆ. ಹಿಂದಕ್ಕೆ ಜೋತುಬಿದ್ದ ಕಬ್ಬಿನ ಗರಿ ಇದ್ದ ಒಂದು ದೀಪವನ್ನೂ ಮುಚ್ಚಿರುತ್ತದೆ. ಕತ್ತಲಲ್ಲಿ ಕಾರಿನ ತಗ್ಗಿಸಿದ ದೀಪ ಬೆಳಗುವುದು ಸುಮಾರು 40ರಿಂದ 50 ಮೀಟರು ದೂರ. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಕಾರು ನಿಲ್ಲಲು ಬೇಕಾದುದು 68 ಮೀಟರು. ತಪ್ಪು ದೀಪವಿಲ್ಲದ ಟ್ರ್ಯಾಕ್ಟರಿನದೇ, ಸಂದೇಹವಿಲ್ಲ. ಆದರೆ ಆ 18 ಮೀಟರನ್ನು ಎಲ್ಲಿಂದ ತರುವುದು?

ಇನ್ನು ಎಚ್ಚರವೆಂಬುದರ ಸ್ವಭಾವ. ಎಚ್ಚರವಾಗಿರುತ್ತೇನೆಂದು ಸಂಕಲ್ಪ ಮಾಡಿಕೊಂಡರೆ ಎಚ್ಚರವಾಗಿರಬಹುದೆಂದು ನಾವು ತಿಳಿದಿದ್ದೇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಿಮಾನದಳದವರಿಗೆ ಒಂದು ತೊಡಕು ಕಂಡಿತು. ರೇಡಾರಿನ ಮುಂದೆ ಕುಳಿತ ಒಳ್ಳೊಳ್ಳೆಯ ಹುಡುಗರು ಹೊತ್ತು ಹೋದಂತೆ ಶತ್ರುವಿನ ಗುರುತನ್ನು ತಪ್ಪಿಸಿಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಅಂಕಿಗಳಿಲ್ಲದ ಒಂದು ಗಡಿಯಾರ ಮಾಡಿದರು. ಮುಳ್ಳು ಸೆಕೆಂಡಿಗೊಂದು ಸಲ ಸಣ್ಣದಾಗಿ ನೆಗೆಯುತ್ತದೆ. ಯಾವಾಗಲೋ ಒಮ್ಮೆ ಎರಡರಷ್ಟು ನೆಗೆಯುತ್ತದೆ. ಅದನ್ನು ಕಂಡಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ಜನ ಹೆಚ್ಚು ಹೆಚ್ಚು ತಪ್ಪತೊಡಗುತ್ತಿದ್ದರು. ಅವರೇನೂ ಸೋಮಾರಿಗಳಲ್ಲ. ಬಹಳ ಹೊತ್ತು ಏನೂ ಆಗದಿದ್ದರೆ ಮನಸ್ಸು ತಾನಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋದವರಿಗೆ ಇದು ಅನುಭವವಾಗಿರಬೇಕು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಗೆ ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹಳೆಯ ರಸ್ತೆಯ ಎತ್ತಿನಗಾಡಿ, ಬೊಂಬೆಯ ಅಂಗಡಿ, ಮದ್ದೂರುವಡೆ ಯಾವುದೂ ಇಲ್ಲ. ಇಂಥ ದಾರಿ ಮ್ಯಾಕ್‌ವರ್ತ್ ಗಡಿಯಾರವೇ ಸರಿ. ಅರ್ಧ ಗಂಟೆಯ ಮೇಲೆ ಎಲ್ಲೋ ಒಬ್ಬ ಥಟ್ಟನೆ ಪಥ ಬದಲಾಯಿಸುತ್ತಾನೆ; ಆ ಎರಡರ ನೆಗೆತವನ್ನು ನಾವು ಕಾಣಬೇಕು.

ನಿದ್ದೆಯ ಮಾತು ಇದಕ್ಕಿಂತ ಗಂಭೀರ. 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ತೋರಿಸಿದಂತೆ 17 ಗಂಟೆ ಎಚ್ಚರವಾಗಿದ್ದವನ ಕೈಕಣ್ಣುಗಳ ಹೊಂದಿಕೆ, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿದ್ದವನಷ್ಟೇ ಕೆಟ್ಟಿರುತ್ತದೆ. ನಮ್ಮ ಕಾನೂನಿನ ಮಿತಿ 30. ಮದುವೆಗೆಂದು ಬೆಳಗಿನ ಐದಕ್ಕೆ ಎದ್ದು, ಮುಹೂರ್ತ, ಊಟ, ಬೀಗರ ಉಪಚಾರ ಎಲ್ಲ ಮುಗಿಸಿ ರಾತ್ರಿ ಹತ್ತಕ್ಕೆ ‘ಬೆಳಗಾಗುವುದರೊಳಗೆ ಊರು ಸೇರಿಬಿಡೋಣ’ ಎಂದು ಹೊರಡುವ ಯಜಮಾನರು ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಆದರೂ ಅವರು ನಡೆಸುವುದು ಕುಡಿದವನಂತೆಯೇ. ಬೆಳಗಿನ ಜಾವ ಎರಡರಿಂದ ಐದರವರೆಗೆ, ಮತ್ತೆ ಮಧ್ಯಾಹ್ನದ ಊಟವಾದ ಮೇಲೆ, ದೇಹ ನಿದ್ದೆಗೆ ಜಗ್ಗುತ್ತದೆ. ಎದುರಿನ ಲಾರಿಯವನ ದೇಹವೂ ಜಗ್ಗುತ್ತದೆ. 80ರ ವೇಗದಲ್ಲಿ ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಗಾಡಿ ತನ್ನಷ್ಟಕ್ಕೆ ಸುಮಾರು 90 ಮೀಟರು ಹೋಗಿರುತ್ತದೆ. ದಾವಣಗೆರೆಯ ಹತ್ತಿರದ ಆನಗೋಡು ಎಂಬ ಹಳ್ಳಿಯ ಹೆಸರು ನಾಡಿಗೆಲ್ಲ ಗೊತ್ತಾದುದು 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಅಲ್ಲಿ ಅಪಘಾತದಲ್ಲಿ ತೀರಿಕೊಂಡಾಗ. ಅವರಿಗಿನ್ನೂ ಮೂವತ್ತೈದು ವರ್ಷ. ಆ ಹೆದ್ದಾರಿಯಲ್ಲಿ ರಾತ್ರಿ ಪ್ರಯಾಣ ಬೇಡವೆನ್ನುವ ಹಿರಿಯರು ಇಂದಿಗೂ ಆ ಹೆಸರನ್ನು ಹೇಳುತ್ತಾರೆ.

ಫೋನಿನ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಮಾತು. ಕಿವಿಗೆ ತಂತಿ ಸಿಕ್ಕಿಸಿಕೊಂಡರೆ ಕೈ ಬಿಡುವಾಗುತ್ತದೆ, ಮನಸ್ಸು ಬಿಡುವಾಗುವುದಿಲ್ಲ. 2001ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ನಡೆದ ಪರೀಕ್ಷೆಯಲ್ಲಿ ಫೋನು ಕೈಯಲ್ಲಿದ್ದವರಂತೆಯೇ ಕೈಯಲ್ಲಿಲ್ಲದವರೂ ಸಂಕೇತಗಳನ್ನು ತಪ್ಪಿಸಿದರು. ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವುದು ಬೇರೆ. ತಿರುವು ಬಂದಾಗ ಅವರೂ ಬಾಯಿ ಮುಚ್ಚುತ್ತಾರೆ. ಫೋನಿನ ಆಚೆಯವರಿಗೆ ತಿರುವು ಕಾಣುವುದಿಲ್ಲ.

ಇಷ್ಟಾದರೂ ಒಂದು ದಿನ ಅವನ ತಪ್ಪು ನಮ್ಮನ್ನು ಮುಟ್ಟಬಹುದು. ಆಗ ಕೆಲಸಕ್ಕೆ ಬರುವುದು ಎದೆಗೂ ಸೊಂಟಕ್ಕೂ ಅಡ್ಡ ಬರುವ ಪಟ್ಟಿ. 1959ರಲ್ಲಿ ವೋಲ್ವೋ ಕಾರುಗಳಿಗೆ ಅದನ್ನು ರೂಪಿಸಿದವರು ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೊಲಿನ್. ಬೇರೆ ಕಾರು ತಯಾರಕರೂ ಬಳಸಿಕೊಳ್ಳಲೆಂದು ಆ ಸಂಸ್ಥೆ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಹಿಂದೆ ಕುಳಿತವರಿಗೆ ಅದು ಬೇಡವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. 2014ರ ಜೂನ್ 3ರ ಬೆಳಿಗ್ಗೆ ದೆಹಲಿಯಲ್ಲಿ ಕೇಂದ್ರ ಸಚಿವ ಗೋಪಿನಾಥ ಮುಂಡೆಯವರ ಕಾರಿಗೆ ಕೂಡುರಸ್ತೆಯಲ್ಲಿ ಇನ್ನೊಂದು ಕಾರು ಬಡಿಯಿತು. ಅವರು ಹಿಂದಿನ ಆಸನದಲ್ಲಿದ್ದರು, ಪಟ್ಟಿ ಕಟ್ಟಿಕೊಂಡಿರಲಿಲ್ಲವೆಂದು ಆಗಿನ ವರದಿಗಳು ಹೇಳಿದವು. ಸಚಿವರಾಗಿ ಪ್ರಮಾಣ ಸ್ವೀಕರಿಸಿ ಎಂಟು ದಿನವಾಗಿತ್ತಷ್ಟೆ.

ನನಗೆ ಕಾರು ಕಲಿಸಿದವರು ಮೂವತ್ತು ವರ್ಷ ಘಟ್ಟದ ದಾರಿಯಲ್ಲಿ ಲಾರಿ ನಡೆಸಿದ ಒಬ್ಬ ಹಿರಿಯರು. ಗಾಡಿ ಹೊರಟಿತೆಂದರೆ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ‘ಎಮ್ಮೆ… ಸೈಕಲ್ಲು, ಹುಡುಗ… ಬಸ್ಸು ನಿಲ್ಲುತ್ತೆ… ಬಸ್ಸಿನಡಿ ಕಾಲು, ಯಾರೋ ಇಳಿದವರೆ…’ ಎಂದು ಜಪದಂತೆ ಗೊಣಗುತ್ತಿದ್ದರು. ವಯಸ್ಸಾದವರ ಚಾಳಿಯೆಂದುಕೊಂಡಿದ್ದೆ. ಬ್ರಿಟನ್ನಿನ ಪೋಲೀಸು ಚಾಲಕರಿಗೆ ತರಬೇತಿ ಕೊಡುವಾಗ ಕಂಡುದನ್ನೆಲ್ಲ ಹೀಗೆ ಬಾಯಿಬಿಟ್ಟು ಹೇಳಿಸುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬಾಯಲ್ಲಿ ಬಂದದ್ದು ಮನಸ್ಸಿಗೂ ಬಂದಿದೆಯೆಂದು ಅರ್ಥ, ಗೊರಿಲ್ಲ ತಪ್ಪಿಸಿಕೊಳ್ಳುವಂತಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಹಳ್ಳಿಗಾಡಿನ ರಸ್ತೆಯಲ್ಲಿ ನಾನು ನಡೆಸುತ್ತಿದ್ದೆ, ಅವರು ಪಕ್ಕದಲ್ಲಿದ್ದರು. ಎಡಗಡೆ ಎತ್ತರದ ಕತ್ತಾಳೆ ಬೇಲಿ. ‘ಧೂಳು’ ಎಂದರು. ನಾನು ಧೂಳು ಒಳಗೆ ಬರುತ್ತದೆಂದು ಕಿಟಕಿಯ ಗಾಜು ಏರಿಸತೊಡಗಿದೆ. ‘ಗಾಜಲ್ಲಪ್ಪ, ಕಾಲು ತೆಗಿ, ಕಾಲು ತೆಗಿ!’ ಎಂದು ಕೂಗಿದರು. ಬೇಲಿಯ ಮೇಲುಗಡೆ ಧೂಳಿನ ಸಾಲೊಂದು ಓಡುತ್ತಾ ಬರುತ್ತಿದ್ದುದು ಆಗ ಕಂಡಿತು. ವೇಗ ಅರ್ಧಕ್ಕಿಳಿಯುವಷ್ಟರಲ್ಲಿ ಬೇಲಿಯ ಕಂಡಿಯಿಂದ ಖಾಲಿ ಟ್ರ್ಯಾಕ್ಟರೊಂದು, ಅತ್ತ ಇತ್ತ ನೋಡದೆ, ನಮ್ಮ ಮೂತಿಯ ಮುಂದೆಯೇ ರಸ್ತೆಗೆ ಏರಿ, ಬಲಕ್ಕೆ ಹೊರಳಿ, ಹಾಡು ಹಾಕಿಕೊಂಡು ಹೊರಟುಹೋಯಿತು. ನಡೆಸುತ್ತಿದ್ದ ಹುಡುಗ ತಿರುಗಿಯೂ ನೋಡಲಿಲ್ಲ. ನನ್ನ ಕೈ ನಡುಗುತ್ತಿತ್ತು. ಹಿರಿಯರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ‘ಈಗ ಆ ಗಾಜು ಇಳಿಸು, ಒಳಗೆ ಸೆಕೆ’ ಎಂದರು.